ಕಲ್ಲಿನೊಳಗಿನ ಊರು, ಊರೊಳಗಿನ ಕಲ್ಲು

ಜೂನ್ ತಿಂಗಳ ಕೊನೆಯ ವಾರ. ಬ್ರಿಸ್ಟಲ್‌ನಲ್ಲಿರುವ ಮಗನ ಮನೆಗೆ ಹೋಗಿ ಹದಿನೈದು ದಿನವಾಗಿತ್ತು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವಳು ನಾನೊಬ್ಬಳೇ. ಡೊಂಬಿವಲಿಯಲ್ಲಿ ಮೂವತ್ತೆಂಟು ವರ್ಷ ಲೋಕಲ್ ಗಾಡಿಯ ಸದ್ದಿನಲ್ಲೇ ಬದುಕಿದವಳಿಗೆ ಅಲ್ಲಿಯ ಮೌನ ಕಿವಿಗೆ ಹೊಡೆಯುತ್ತಿತ್ತು. ಅದೂ ಅಲ್ಲದೆ ಮನಸ್ಸಿನಲ್ಲಿ ಇನ್ನೊಂದು ಕೊರಗು ಬೇರೆ. ಸುರಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜ ಕಟ್ಟಿಸಿದ ಮನೆಯನ್ನು ತಮ್ಮ ಆ ವಾರವೇ ಬೀಳಿಸುವವನಿದ್ದ. ಗೋಡೆ ಬಿರುಕು ಬಿಟ್ಟಿದೆ, ಮಾಳಿಗೆ ಸೋರುತ್ತದೆ, ಮೊಮ್ಮಕ್ಕಳು ಓಡಾಡುವ ಮನೆ, ಇನ್ನು ಇಟ್ಟುಕೊಂಡರೆ ಅಪಾಯ ಎನ್ನುವುದು ಅವನ ಮಾತು. ಮಾತು ಸರಿಯೇ. ಆದರೂ ನಾನು ಫೋನಿನಲ್ಲಿ ಎರಡು ಸಲ ಜಗಳವಾಡಿದ್ದೆ.

ನನ್ನ ಮುಖ ನೋಡಿ ಮಗ ಒಂದು ದಿನದ ಪ್ರವಾಸಕ್ಕೆ ಟಿಕೆಟ್ ತೆಗೆಸಿದ. ಬಾತ್ ಪಟ್ಟಣದಿಂದ ಹೊರಡುವ ಹದಿನಾರು ಸೀಟಿನ ಪುಟ್ಟ ಬಸ್ಸು, ಚಾಲಕನೇ ಗೈಡ್. ಬೆಳಿಗ್ಗೆ ಸ್ಟೋನ್‌ಹೆಂಜ್, ಮಧ್ಯಾಹ್ನ ಏವ್‌ಬರಿ, ಆಮೇಲೆ ಲೇಕಾಕ್ ಮತ್ತು ಕಾಸಲ್ ಕೂಮ್ ಎಂಬ ಎರಡು ಹಳ್ಳಿಗಳು, ಸಂಜೆ ಐದೂವರೆಗೆ ವಾಪಸ್. ‘ಒಬ್ಬಳೇ ಹೋಗ್ತೀಯಾ ಅಮ್ಮಾ?’ ಎಂದು ಕೇಳಿದ. ಮೂವತ್ತು ವರ್ಷ ಎಂಟು ಗಂಟೆಯ ಫಾಸ್ಟ್ ಗಾಡಿ ಹತ್ತಿದವಳಿಗೆ ಕೇಳುವ ಪ್ರಶ್ನೆಯೇ ಇದು? ಬ್ರಿಸ್ಟಲ್‌ನಿಂದ ಬಾತ್‌ಗೆ ರೈಲಿನಲ್ಲಿ ನಮ್ಮ ಡೊಂಬಿವಲಿಯಿಂದ ಠಾಣೆಗೆ ಹೋದಷ್ಟು ದೂರ. ಡಬ್ಬಿಯಲ್ಲಿ ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಂಡು ಎಂಟೂಕಾಲಿಗೇ ಬಸ್ಸಿನ ಬಳಿ ಹಾಜರಾದೆ.

ಬಸ್ಸಿನಲ್ಲಿ ಆಸ್ಟ್ರೇಲಿಯಾದ ಗಂಡ ಹೆಂಡತಿ, ಜಪಾನಿನ ಇಬ್ಬರು ಹುಡುಗಿಯರು, ಅಮೆರಿಕದ ಒಂದು ಕುಟುಂಬ. ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ತೊಟ್ಟವಳು ನಾನೊಬ್ಬಳೇ. ಗೈಡ್ ಅರವತ್ತು ದಾಟಿದ ಮನುಷ್ಯ. ಕಿರಿದಾದ ರಸ್ತೆಗಳಲ್ಲಿ ಬಸ್ಸನ್ನು ಹೊರಳಿಸುತ್ತಲೇ ಮಾತಾಡುತ್ತಿದ್ದ. ಎರಡೂ ಕಡೆ ಹಸಿರು ಬಯಲು, ಮೇಯುವ ಕುರಿ, ನಡುನಡುವೆ ಬಿಳಿ ಸುಣ್ಣದ ಮಣ್ಣು ಕಾಣುವ ಇಳಿಜಾರು. ಒಂದು ಗಂಟೆಯೊಳಗೆ ಸಾಲ್ಸ್‌ಬರಿ ಬಯಲು ತಲುಪಿದೆವು.

ಸ್ಟೋನ್‌ಹೆಂಜ್‌ನ ಬಳಿಗೆ ನೇರವಾಗಿ ಹೋಗುವ ಹಾಗಿಲ್ಲ. ಸಂದರ್ಶಕರ ಕೇಂದ್ರ ಎರಡೂವರೆ ಕಿಲೋಮೀಟರಿನಷ್ಟು ದೂರದಲ್ಲಿದೆ. ಅಲ್ಲಿಂದ ಅವರದೇ ಬಸ್ಸು ಹತ್ತಬೇಕು, ಇಲ್ಲವೆ ಹುಲ್ಲುಗಾವಲಿನಲ್ಲಿ ನಡೆಯಬೇಕು. ಬಸ್ಸು ಇಳಿದಾಗ ಮೊದಲು ಅನ್ನಿಸಿದ್ದು ‘ಇಷ್ಟೇನಾ?’ ಎಂದು. ಚಿತ್ರಗಳಲ್ಲಿ ನೋಡಿದ್ದು ಆಕಾಶಕ್ಕೆ ತಾಗುವಂತಿತ್ತು. ಇಲ್ಲಿ ಅಷ್ಟು ದೊಡ್ಡ ಬಯಲಿನ ನಡುವೆ ಕಲ್ಲುಗಳು ಚಿಕ್ಕದಾಗಿ ಕಂಡವು. ಹತ್ತಿರ ಹೋದಂತೆಲ್ಲ ಅವು ಬೆಳೆದವು. ಕೊನೆಗೆ ಹಗ್ಗದ ಬೇಲಿಯ ಬಳಿ ನಿಂತಾಗ ಮಾತು ನಿಂತಿತು.

ಲೆಕ್ಕ ಹೇಳಿದರೆ ಓದುಗರಿಗೆ ಅಂದಾಜು ಸಿಗಬಹುದು. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಮೊದಲು ತೋಡಿದ್ದು ಒಂದು ದುಂಡನೆಯ ಕಂದಕ. ಅದಾಗಿ ಐನೂರು ವರ್ಷಕ್ಕೆ, ಅಂದರೆ ಕ್ರಿ.ಪೂ. 2500ರ ಹೊತ್ತಿಗೆ, ದೊಡ್ಡ ಕಲ್ಲುಗಳು ನಿಂತವು. ಸಾರ್ಸನ್ ಎಂಬ ಈ ಗಡಸು ಕಲ್ಲುಗಳು ಒಂದೊಂದೂ ಸರಾಸರಿ 25 ಟನ್. ಬಂದಿದ್ದು ಸುಮಾರು 25 ಕಿಲೋಮೀಟರ್ ಉತ್ತರದ ಕಾಡಿನಿಂದ. ಒಳಗಿರುವ ಚಿಕ್ಕ ‘ನೀಲಿಗಲ್ಲು’ಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳವು, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದವು. ನಡುವೆ ಮಲಗಿರುವ ಆರು ಟನ್ನಿನ ‘ಆಲ್ಟರ್ ಸ್ಟೋನ್’ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು ಎಂದು 2024ರಲ್ಲಿ ವಿಜ್ಞಾನಿಗಳು ಹೇಳಿದ್ದಾರೆ. ಅಂದರೆ ಏಳುನೂರು ಕಿಲೋಮೀಟರ್! ಹೆಚ್ಚೂಕಡಿಮೆ ಮುಂಬಯಿಯಿಂದ ಹೈದರಾಬಾದ್‌ಗೆ ಹೋದಷ್ಟು. ಆ ದ್ವೀಪದಲ್ಲಿ ಆಗಿನ್ನೂ ಬಂಡಿಯ ಗಾಲಿ ಬಂದಿರಲಿಲ್ಲ.

ನನಗೆ ಅದಕ್ಕಿಂತ ಹಿಡಿಸಿದ್ದು ಜೋಡಣೆ. ನಿಂತ ಕಲ್ಲಿನ ತಲೆಯ ಮೇಲೆ ಒಂದು ಗುಬುಟು, ಅಡ್ಡಕಲ್ಲಿನ ಅಡಿಯಲ್ಲಿ ಅದಕ್ಕೆ ಸರಿಯಾದ ಗುಳಿ. ನಮ್ಮ ಬಡಿಗೇರರು ಬಾಗಿಲ ಚೌಕಟ್ಟು ಕೂಡಿಸುವುದೂ ಹೀಗೆಯೇ ಅಲ್ಲವೆ? ಮರದಲ್ಲಿ ಕಲಿತ ಕೈಚಳಕವನ್ನು ಆ ಜನ ಕಲ್ಲಿಗೆ ತಂದಿದ್ದಾರೆ. ಬೇಸಿಗೆಯ ಅತಿ ದೀರ್ಘ ದಿನ ಸೂರ್ಯ ಹುಟ್ಟುವ ದಿಕ್ಕಿಗೂ ಚಳಿಗಾಲದ ಅತಿ ಚಿಕ್ಕ ದಿನ ಅವನು ಮುಳುಗುವ ದಿಕ್ಕಿಗೂ ನೇರವಾಗಿ ಅದರ ಮುಖವಿದೆ. ಕಲ್ಲಿನ ಸಂದುಗಳಲ್ಲಿ ಕಾಗೆ ಜಾತಿಯ ಹಕ್ಕಿಗಳು ಗೂಡು ಕಟ್ಟಿಕೊಂಡು ಯಾರ ಪರಿವೆಯೂ ಇಲ್ಲದೆ ಹಾರಾಡುತ್ತಿದ್ದವು.

ಈ ಜಾಗ ನೂರು ವರ್ಷದ ಹಿಂದೆ ಖಾಸಗಿ ಆಸ್ತಿಯಾಗಿತ್ತಂತೆ. 1915ರಲ್ಲಿ ಹರಾಜಿಗೆ ಬಂದಾಗ ಸೆಸಿಲ್ ಚಬ್ ಎಂಬ ವಕೀಲರು 6,600 ಪೌಂಡಿಗೆ ಕೊಂಡರು. ಮೂರು ವರ್ಷದ ನಂತರ ದೇಶಕ್ಕೇ ಕೊಟ್ಟುಬಿಟ್ಟರು. ಹೆಂಡತಿ ಅವರನ್ನು ಹರಾಜಿಗೆ ಕಳಿಸಿದ್ದು ಕುರ್ಚಿ ತರಲು ಎಂದೊಂದು ಕತೆಯಿದೆ ಎಂದು ಗೈಡ್ ನಗಿಸಿದ. ಮುಂಚೆ ಬಂದವರೆಲ್ಲ ನೆನಪಿಗೆಂದು ಕಲ್ಲಿನ ಚೂರು ಕೆತ್ತಿಕೊಂಡು ಹೋಗುತ್ತಿದ್ದರು ಎಂದ.

ವಾಪಸು ಬಂದಾಗ ಸಂದರ್ಶಕರ ಕೇಂದ್ರದ ಪಕ್ಕ ಐದು ಗುಡಿಸಲು ಕಂಡವು. ಹತ್ತಿರದ ಡರಿಂಗ್‌ಟನ್ ವಾಲ್ಸ್ ಎಂಬಲ್ಲಿ ಅಗೆದಾಗ ಸಿಕ್ಕ ಮನೆಗಳ ಅಡಿಪಾಯ ನೋಡಿ ಹಾಗೆಯೇ ಕಟ್ಟಿದ್ದಾರೆ. ಸ್ಟೋನ್‌ಹೆಂಜ್ ಕಟ್ಟಿದ ಜನ ಇದ್ದದ್ದು ಇಂಥವುಗಳಲ್ಲಿ. ಹುಲ್ಲಿನ ಸೂರು, ಬಿಳಿ ಮಣ್ಣಿನ ನೆಲ, ನಡುವೆ ಒಲೆ. ಹೊರಗಿನ ಕಲ್ಲುಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡರು. ನನಗೆ ಈ ಒಲೆಯ ಮುಂದಿಂದ ಏಳಲು ಮನಸ್ಸಾಗಲಿಲ್ಲ. ಹೆಸರಿಲ್ಲದ ಯಾವಳೋ ಒಬ್ಬಳು ಇಲ್ಲಿ ಕೂತು ಬೂದಿ ಸರಿಸಿದ್ದಾಳೆ. ಅವರ ಭಾಷೆಯ ಒಂದು ಶಬ್ದವೂ ನಮಗೆ ಉಳಿದಿಲ್ಲ.

ಏವ್‌ಬರಿಗೆ ಹೋಗುವ ದಾರಿಯಲ್ಲಿ ಯಾರೋ ‘ಇದನ್ನು ಡ್ರೂಯಿಡ್ ಪುರೋಹಿತರು ಕಟ್ಟಿದ್ದಲ್ಲವೆ?’ ಎಂದು ಕೇಳಿದರು. ಗೈಡ್ ತಲೆಯಾಡಿಸಿದ. ಡ್ರೂಯಿಡರು ಬಂದದ್ದು ಎರಡು ಸಾವಿರ ವರ್ಷಗಳ ನಂತರ, ಹಳೆಯ ಕಾಲದ ವಿದ್ವಾಂಸರು ಸುಮ್ಮನೆ ಅವರ ಹೆಸರಿಗೆ ಬರೆದರು ಎಂದ. ನನಗೆ ಥಟ್ಟನೆ ನೆನಪಾದವರು ನಮ್ಮ ಟೇಲರ್ ಸಾಹೇಬರು.

ಸುರಪುರ ನೋಡಿದವರಿಗೆ ಟೇಲರ್ ಮಂಜಿಲ್ ಗೊತ್ತು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇದ್ದ ಬಂಗಲೆ ಅದು. ಆ ಪುಣ್ಯಾತ್ಮ ಕಚೇರಿ ಕೆಲಸದ ನಡುವೆ ನಮ್ಮ ಸೀಮೆಯ ಬಯಲು ಗುಡ್ಡ ತಿರುಗಿ ಕಲ್ಲುಮನೆಗಳನ್ನು ಗುರುತಿಸಿದರು. ರಾಜನಕೋಳೂರಿನವು ಅವುಗಳಲ್ಲಿ ಮುಖ್ಯ. ಮೂರು ಕಡೆ ಬಂಡೆ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಗೋರಿಗಳವು. ತಮ್ಮ ದೇಶದ ಕಲ್ಲುಗಳ ಹಾಗೆಯೇ ಇವೆಯಲ್ಲ ಎಂದು ಬೆರಗಾಗಿ, ಇವೂ ಡ್ರೂಯಿಡರ ಬಗೆಯವೇ ಇರಬೇಕೆಂದು 1853ರ ಹೊತ್ತಿಗೆ ಲೇಖನ ಬರೆದರು. ಅದು ಅಚ್ಚಾದದ್ದು ನಮ್ಮ ಮುಂಬಯಿಯಲ್ಲೇ, ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ. ಫೋರ್ಟಿನ ಟೌನ್ ಹಾಲ್ ಮೆಟ್ಟಿಲ ಮೇಲೆ ಕೂತು ನಾನು ಎಷ್ಟೋ ಸಲ ಊಟದ ಡಬ್ಬಿ ಬಿಚ್ಚಿದ್ದೇನೆ. ನಮ್ಮೂರ ಕಲ್ಲುಗಳ ಸುದ್ದಿ ಬೆನ್ನ ಹಿಂದಿನ ಆ ಕಟ್ಟಡದಲ್ಲಿದೆ ಎಂದು ಗೊತ್ತಾದದ್ದು ನಿವೃತ್ತಿಯ ನಂತರ. ಟೇಲರ್ ಅವರ ಊಹೆ ನಿಲ್ಲಲಿಲ್ಲ. ನಮ್ಮವು ಕಬ್ಬಿಣದ ಯುಗದವು, ಇಲ್ಲಿಯವುಗಳಿಗಿಂತ ಬಹಳ ಈಚಿನವು, ಒಂದಕ್ಕೊಂದು ನಂಟಿಲ್ಲ. ಆದರೆ ಅವರು ಗುರುತಿಸಿ ಬರೆದಿಟ್ಟದ್ದು ಉಳಿಯಿತು.

ನಮ್ಮ ಅಜ್ಜಿಗೆ ಕಬ್ಬಿಣದ ಯುಗ ಗೊತ್ತಿರಲಿಲ್ಲ. ಅವಳಿಗೆ ಅವು ‘ಮೋರ್ಯರ ಮನಿ’. ಮೂರು ಗೇಣು ಎತ್ತರದ ಮನುಷ್ಯರು ಅಲ್ಲಿದ್ದರಂತೆ, ಒಂದು ದಿನ ಬೆಂಕಿಯ ಮಳೆ ಬಂದು ಎಲ್ಲರೂ ಸತ್ತರಂತೆ. ಈ ಕತೆ ಹೇಳುವಾಗ ಅಜ್ಜಿ ಕೂರುತ್ತಿದ್ದದ್ದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ. ಆಳೆತ್ತರದ ಚಪ್ಪಟೆ ಬಂಡೆ, ಒಂದು ಅಂಚಿನಲ್ಲಿ ಅರ್ಧಚಂದ್ರದಂಥ ಕಚ್ಚು. ಚಿಕ್ಕವರಿದ್ದಾಗ ಆ ಕಚ್ಚಿನಿಂದ ನೀರು ಬಿಟ್ಟು ಹೊಳೆ ಎಂದು ಆಡುತ್ತಿದ್ದೆವು. ಮನೆ ಕಟ್ಟುವಾಗ ಅಜ್ಜ ಎರಡೆತ್ತಿನ ಬಂಡಿಯಲ್ಲಿ ಅದನ್ನು ಅಡವಿಯಿಂದ ತಂದರಂತೆ. ಯಾವ ಅಡವಿ ಎಂದು ನಾವು ಯಾರೂ ಕೇಳಲಿಲ್ಲ. ಕಲ್ಲುಮನೆಗಳ ಮುಂಗಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆಯುವ ವಾಡಿಕೆಯಿತ್ತು ಎಂದು ಓದಿದಾಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಏವ್‌ಬರಿಯಲ್ಲಿ.

ಏವ್‌ಬರಿ ಸ್ಟೋನ್‌ಹೆಂಜ್‌ನ ಹಾಗಲ್ಲ. ಇಲ್ಲಿ ಹಗ್ಗವಿಲ್ಲ, ಟಿಕೆಟ್ಟಿಲ್ಲ. ಮುನ್ನೂರು ಮೀಟರಿಗೂ ಅಗಲದ ಕಲ್ಲಿನ ವೃತ್ತ, ಜಗತ್ತಿನಲ್ಲೇ ಅತಿ ದೊಡ್ಡದು, ಅದರ ಸುತ್ತ ಭಾರಿ ಕಂದಕ. ಆ ವೃತ್ತದೊಳಗೇ ಒಂದು ಊರಿದೆ! ಮನೆಗಳು, ಅಂಗಡಿ, ಹಳೆಯ ಪಬ್ಬು, ನಡುವೆ ಹಾಯುವ ಡಾಂಬರು ರಸ್ತೆ, ಅದರಲ್ಲಿ ಬಸ್ಸು, ಲಾರಿ. ಕಲ್ಲುಗಳ ಮಧ್ಯೆ ಕುರಿಗಳು ಮೇಯುತ್ತಿರುತ್ತವೆ. ನಾನೊಂದು ಕಲ್ಲಿನ ಮೇಲೆ ಅಂಗೈ ಇಟ್ಟೆ. ಬಿಸಿಲು ತಾಗಿದ ಕಡೆ ಬೆಚ್ಚಗಿತ್ತು.

‘ಈ ವೃತ್ತದಲ್ಲಿ ನೂರರಷ್ಟು ಕಲ್ಲುಗಳಿದ್ದವು. ಉಳಿದವು ಎಲ್ಲಿ ಹೋದವು ಗೊತ್ತೆ?’ ಎಂದ ಗೈಡ್. ಎದುರಿನ ಮನೆಗಳ ಕಡೆ ಕೈ ತೋರಿಸಿದ. ‘ಅಲ್ಲಿವೆ.’

ನಡುಗಾಲದಲ್ಲಿ ಊರಿನವರು ಹಲವು ಕಲ್ಲುಗಳನ್ನು ಗುಂಡಿ ತೋಡಿ ಹೂತರು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಒಡೆಯಲು ಶುರು ಮಾಡಿದರು. ಕಲ್ಲನ್ನು ಗುಂಡಿಗೆ ಕೆಡವಿ, ಸುತ್ತ ಹುಲ್ಲು ತುಂಬಿ ಬೆಂಕಿ ಹಚ್ಚುವುದು. ಕಾದ ಕಲ್ಲಿನ ಮೇಲೆ ಒಂದು ಗೆರೆಯಲ್ಲಿ ತಣ್ಣೀರು ಸುರಿಯುವುದು. ಆ ಗೆರೆಗೆ ಸುತ್ತಿಗೆಯ ಪೆಟ್ಟು. ಸಿಡಿದ ಚೂರುಗಳಿಂದ ಮನೆ, ಗೋಡೆ ಕಟ್ಟಿಕೊಂಡರು. 1720ರ ದಶಕದಲ್ಲಿ ವಿಲಿಯಂ ಸ್ಟಕ್ಲಿ ಎಂಬ ವಿದ್ವಾಂಸರು ಅಲ್ಲಿಗೆ ಹೋಗಿ, ಕಣ್ಣೆದುರೇ ನಡೆಯುತ್ತಿದ್ದ ಈ ನಾಶವನ್ನು ಚಿತ್ರ ಸಮೇತ ದಾಖಲಿಸಿದರು.

ಗೈಡ್ ಇದನ್ನು ಹೇಳುತ್ತಿರುವಾಗಲೇ ನನ್ನ ಫೋನು ಬಡಿಯಿತು. ತಮ್ಮ. ನಮ್ಮ ಕಡೆ ಆಗ ಸಂಜೆ ಐದರ ಸುಮಾರು.

‘ಅಕ್ಕಾ, ನಾಳೆ ಮುಂಜಾನೆ ಜೆಸಿಬಿ ಬರ್ತದ. ಹಿತ್ತಲದಾಗಿನ ಒಗಿಯೂ ಕಲ್ಲು ಏನ್ ಮಾಡೂಣು? ಮೇಸ್ತ್ರಿ ಒಡದು ಪಾಯಾಕ್ಕ ಹಾಕ್ತೀನಿ ಅಂತಾನ. ಛಲೋ ಗಟ್ಟಿ ಕಲ್ಲದ ಅಂತ.’

ನನಗೆ ಒಂದು ಕ್ಷಣ ದನಿ ಹೊರಡಲಿಲ್ಲ. ಅರ್ಧಚಂದ್ರದ ಕಚ್ಚು ಕಣ್ಮುಂದೆ ಬಂತು. ಅರ್ಧ ಕಿಂಡಿ!

‘ಒಡೀಬ್ಯಾಡ. ಸಂಜಿಗೆ ಫೋನ್ ಮಾಡ್ತೀನಿ. ನಿನಗ ರಾತ್ರಿ ಆಗಿರ್ತದ, ಎಚ್ಚರಿರು. ಅಲ್ಲೀತನಕ ಯಾರೂ ಅದಕ್ಕ ಸುತ್ತಿಗಿ ಮುಟ್ಟಿಸಬಾರ್ದು.’

‘ಆತು. ನೀ ಎಲ್ಲಿದ್ದಿ? ಕುರಿ ಒದರೂದು ಕೇಳಸ್ತದಲ್ಲ?’

‘ಕುರಿ ನಡುವೇ ನಿಂತೀನಿ’ ಎಂದೆ.

ಫೋನಿಟ್ಟ ಮೇಲೆ ಆ ಮನೆಗಳ ಗೋಡೆಗಳನ್ನು ಮತ್ತೆ ನೋಡಿದೆ. ಈಗ ಸಿಟ್ಟು ಬರಲಿಲ್ಲ. ಒಡೆದವರೇನೂ ರಾಕ್ಷಸರಲ್ಲ. ಮಕ್ಕಳಿಗೆ ಒಂದು ಗಟ್ಟಿ ಗೋಡೆ ಬೇಕೆಂದವರು, ಉಳುವುದಕ್ಕೆ ಅಡ್ಡವಾದ ಬಂಡೆಯನ್ನು ಸರಿಸಿದವರು. ನಮ್ಮ ಅಜ್ಜನ ಹಾಗೆ.

ಕತೆಗೆ ಇನ್ನೊಂದು ಮಗ್ಗುಲಿದೆ. ಮಾರ್ಮಲೇಡ್ ವ್ಯಾಪಾರದ ಮನೆತನದ ಅಲೆಕ್ಸಾಂಡರ್ ಕೀಲರ್ ಎಂಬ ಸಿರಿವಂತರು ಇಲ್ಲಿಯ ನೆಲ ಕೊಂಡು, 1937ರಿಂದ 1939ರವರೆಗೆ ಅಗೆಸಿ, ಹೂತ ಕಲ್ಲುಗಳನ್ನು ಎತ್ತಿ ನಿಲ್ಲಿಸಿದರು. ಕಲ್ಲು ಸಿಗದ ಕಡೆ ಕಾಂಕ್ರೀಟಿನ ಗುರುತುಗಂಬ ನೆಟ್ಟರು. ಇವತ್ತು ನಾವು ನೋಡುವ ಏವ್‌ಬರಿ ಬಹುಪಾಲು ಅವರ ಕೈಯದು. ಆದರೆ ವೃತ್ತವನ್ನು ಬಿಡಿಸಿಕೊಳ್ಳುವುದಕ್ಕಾಗಿ ಅವರು ಊರಿನ ಕೆಲವು ಮನೆಗಳನ್ನೇ ಕೆಡವಿಸಿದರು. ಮೊದಲು ಮನೆಗಾಗಿ ಕಲ್ಲು ಹೋಯಿತು, ಆಮೇಲೆ ಕಲ್ಲಿಗಾಗಿ ಮನೆ ಹೋಯಿತು. 1943ರಲ್ಲಿ ಕೀಲರ್ ಜಾಗವನ್ನು ನ್ಯಾಷನಲ್ ಟ್ರಸ್ಟ್‌ಗೆ ಮಾರಿದರು. ಸ್ಟೋನ್‌ಹೆಂಜ್ ಜೊತೆಗೆ ಇದೂ 1986ರಿಂದ ವಿಶ್ವ ಪರಂಪರೆಯ ತಾಣ.

ಅಲ್ಲಿಂದ ಹೊರಟಾಗ ಕಿಟಕಿಯಲ್ಲಿ ಸಿಲ್ಬರಿ ಹಿಲ್ ಕಂಡಿತು. ಮೂವತ್ತು ಮೀಟರಿಗೂ ಎತ್ತರದ, ಹುಲ್ಲು ಬೆಳೆದ ಗುಡ್ಡ; ಇಡೀ ಗುಡ್ಡವನ್ನು ಮನುಷ್ಯರೇ ಕಟ್ಟಿದ್ದು, ಸುಮಾರು 4,400 ವರ್ಷಗಳ ಹಿಂದೆ. ಒಳಗೆ ನಿಧಿ ಇರಬೇಕೆಂದು, ರಾಜನ ಗೋರಿ ಇರಬೇಕೆಂದು ಅಗೆದವರಿಗೆ ಏನೂ ಸಿಗಲಿಲ್ಲ. ಯಾಕೆ ಕಟ್ಟಿದರೆಂದು ಇವತ್ತಿಗೂ ಯಾರಿಗೂ ತಿಳಿಯದು. ಬಸ್ಸಿನಲ್ಲಿ ಚಪಾತಿ ತಿನ್ನುತ್ತ ಅದನ್ನೇ ನೋಡಿದೆ. ಪಕ್ಕದ ಜಪಾನಿ ಹುಡುಗಿಗೆ ಶೇಂಗಾ ಹಿಂಡಿ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತುತ್ತು ಕೇಳಿದಳು.

ಮೂರನೆಯ ತಾಣ ಲೇಕಾಕ್. ಹದಿಮೂರನೆಯ ಶತಮಾನದ ಕ್ರೈಸ್ತ ಸನ್ಯಾಸಿನಿಯರ ಮಠ, ಅದರ ಪಕ್ಕ ನಾಲ್ಕೇ ಬೀದಿಗಳ ಊರು. ಮರದ ಚೌಕಟ್ಟಿನ, ವಾಲಿದ ಗೋಡೆಗಳ ಮನೆಗಳು, ಬಾಗಿಲಿಗೆ ಹಬ್ಬಿದ ಗುಲಾಬಿ. 1835ರಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬವರು ಈ ಮಠದ ಕಿಟಕಿಯ ಚಿತ್ರವನ್ನು ಕಾಗದದ ಮೇಲೆ ಹಿಡಿದರು. ಇಂದು ಉಳಿದಿರುವ ಅತ್ಯಂತ ಹಳೆಯ ಫೋಟೋ ನೆಗೆಟಿವ್ ಅದೇ. ಆ ಮನೆತನದ ಮಟಿಲ್ಡಾ ಟಾಲ್ಬಟ್ 1944ರಲ್ಲಿ ಮಠವನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಬೀದಿಯಲ್ಲಿ ಕರೆಂಟಿನ ತಂತಿ ಕಾಣದು, ಮಾಡಿನ ಮೇಲೆ ಟಿವಿ ಆಂಟೆನಾ ಇಲ್ಲ. ಅದಕ್ಕೇ ಹ್ಯಾರಿ ಪಾಟರ್ ಮುಂತಾದ ಸಿನಿಮಾಗಳಿಗೆ ಇದು ಮೆಚ್ಚಿನ ಊರು.

ನಾನೂ ಎಲ್ಲರಂತೆ ಕಿಟಕಿಗಳ ಫೋಟೋ ತೆಗೆಯುತ್ತಿದ್ದೆ. ಒಂದು ಕಿಟಕಿಯೊಳಗೆ ಊಟದ ಮೇಜು, ಅರ್ಧ ಕುಡಿದ ಚಹದ ಕಪ್ಪು ಕಂಡಿತು. ನಾಚಿಕೆಯಾಗಿ ಹಿಂದೆ ಸರಿದೆ. ಆ ಮನೆಯಾಕೆ ಹೊರಗೆ ಕುಂಡಕ್ಕೆ ನೀರು ಹಾಕುತ್ತಿದ್ದಳು, ನನ್ನ ವಯಸ್ಸಿನವಳೇ. ಕ್ಷಮೆ ಕೇಳಿದೆ. ‘ಅಭ್ಯಾಸವಾಗಿದೆ’ ಎಂದು ನಕ್ಕಳು. ಮನೆ ಚೆನ್ನಾಗಿದೆ ಎಂದದ್ದಕ್ಕೆ, ‘ಜೂನ್‌ನಲ್ಲಿ ಚೆನ್ನಾಗಿರುತ್ತದೆ, ಜನವರಿಯಲ್ಲಿ ಬಂದು ನೋಡಿ’ ಎಂದಳು. ಬಾಡಿಗೆ ಮನೆಯಂತೆ. ಚಳಿಗಾಲದಲ್ಲಿ ಗಾಳಿ ಒಳಗೇ ಬರುತ್ತದಂತೆ. ಹಳೆಯ ಮನೆ, ಮನಸ್ಸಿಗೆ ಬಂದಹಾಗೆ ಕಿಟಕಿ ಬದಲಿಸುವಂತಿಲ್ಲವಂತೆ. ‘ಆದರೂ ಬಿಟ್ಟುಹೋಗಲು ಮನಸ್ಸಿಲ್ಲ’ ಎಂದಳು.

ಆ ಹೆಂಗಸು ತಾನು ಇಲ್ಲಿರುತ್ತೇನೆಂದು ಆರಿಸಿಕೊಂಡಿದ್ದಾಳೆ, ಚಳಿಯನ್ನೂ ಅವಳೇ ಸಹಿಸುತ್ತಾಳೆ. ನಾನು? ಡೊಂಬಿವಲಿಯ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ, ಸೋರದ ಸೂರಿನ ಕೆಳಗೆ ಕೂತು, ಮಳೆಗಾಲದಲ್ಲಿ ಪಾತ್ರೆ ಇಡುವ ತಮ್ಮನಿಗೆ ‘ಅಜ್ಜನ ಮನೆ ಉಳಿಸು’ ಎಂದು ಹಟ ಮಾಡುತ್ತಿದ್ದೆ. ವರ್ಷಕ್ಕೊಮ್ಮೆ ಹೋಗಿ ನಾಲ್ಕು ಫೋಟೋ ತೆಗೆದು ಬರುವವಳ ಆಸೆಗೆ ಅವನ ಮೊಮ್ಮಕ್ಕಳು ಬಿರುಕಿನ ಗೋಡೆಯ ಕೆಳಗೆ ಮಲಗಬೇಕೆ? ಊರು ಬಿಟ್ಟು ಬಂದ ನಮ್ಮಂಥವರಿಗೆಲ್ಲ ಈ ರೋಗ ಸ್ವಲ್ಪ ಇದ್ದೇ ಇರುತ್ತದೆ. ನಾವು ಬೆಳೆದದ್ದು ಬದಲಾಗದೆ ಇರಲಿ, ಅದರ ಖರ್ಚು ಅಲ್ಲಿದ್ದವರು ನೋಡಿಕೊಳ್ಳಲಿ ಎಂದು.

ಕೊನೆಯ ಊರು ಕಾಸಲ್ ಕೂಮ್. ಕಣಿವೆಯ ತಳದಲ್ಲಿ ಪುಟ್ಟ ತೊರೆ, ಕಲ್ಲಿನ ಸೇತುವೆ, ಜೇನು ಬಣ್ಣದ ಕಲ್ಲಿನ ಮನೆಗಳ ಒಂದು ಸಾಲು. ಒಂದು ಕಾಲಕ್ಕೆ ಉಣ್ಣೆ ನೇಯುವವರ ಊರು. ಚರ್ಚಿನಲ್ಲಿ ಮುಖವೇ ಇಲ್ಲದ ಹಳೆಯ ಗಡಿಯಾರವಿದೆ, ಮುಳ್ಳಿಲ್ಲ, ಗಂಟೆ ಹೊಡೆಯುವುದಷ್ಟೇ ಅದರ ಕೆಲಸ. ಒಂದು ಮನೆಯ ಬಾಗಿಲಲ್ಲಿ ಕೇಕಿನ ತುಂಡುಗಳನ್ನೂ ದುಡ್ಡು ಹಾಕುವ ಡಬ್ಬಿಯನ್ನೂ ಇಟ್ಟಿದ್ದರು, ಕಾಯುವವರು ಯಾರೂ ಇಲ್ಲ. ನಾನೂ ಒಂದು ತುಂಡು ಕೊಂಡೆ. ಅರ್ಧ ಗಂಟೆ ಸೇತುವೆಯ ಮೇಲೆ ಕೂತೆ. ಈ ಸಲ ಯಾರ ಕಿಟಕಿಯ ಫೋಟೋವನ್ನೂ ತೆಗೆಯಲಿಲ್ಲ.

ಬಾತ್ ಸ್ಟೇಷನ್ನಿಗೆ ಬಂದವಳೇ ತಮ್ಮನಿಗೆ ಫೋನ್ ಮಾಡಿದೆ.

‘ಮನಿ ಬೀಳಸು. ನಾ ಇನ್ನ ಏನೂ ಅನ್ನಂಗಿಲ್ಲ. ಗಟ್ಟಿ ಮನಿ ಕಟ್ಟು’ ಎಂದೆ.

‘ಇದೇನ್ ಅಕ್ಕಾ, ಒಂದೇ ದಿನಕ್ಕ?’

‘ಆದ್ರ ಆ ಕಲ್ಲು ನಮ್ಮದಲ್ಲ. ಅದು ಮೋರ್ಯರದು.’

ಕಚ್ಚಿನ ವಿಷಯ ಬಿಡಿಸಿ ಹೇಳಿದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅಜ್ಜ ಅದರ ಮ್ಯಾಲೆ ಯಾರ್ನೂ ಚಪ್ಪಲಿ ಹಾಕ್ಕೊಂಡು ನಿಂದ್ರಗೊಡ್ತಿದ್ದಿಲ್ಲ. ಅವಗ ಗೊತ್ತಿತ್ತೋ ಏನೋ’ ಎಂದ.

ಮರುದಿನ ಫೋಟೋ ಕಳಿಸಿದ. ಅಜ್ಜನ ಮನೆ ಇದ್ದ ಕಡೆ ಬರಿಯ ಬಯಲು. ಆಚೆ ಬೇವಿನ ಮರದಡಿ ಆ ಕಲ್ಲು, ಕಚ್ಚು ಮೇಲಾಗಿ ನಿಲ್ಲಿಸಿದ್ದಾನೆ. ಫೋಟೋ ನೋಡಿ ಅತ್ತೆ. ಮನೆಗಾಗಿ ಅತ್ತದ್ದು, ಸುಳ್ಳು ಹೇಳಲಾರೆ.

ಹೋಗುವವರಿಗೆ ಎರಡು ಮಾತು. ಜೂನ್ ಆದರೂ ಗಾಳಿ ಕೊರೆಯುತ್ತದೆ, ಜಾಕೆಟ್ ಬೇಕು. ಹುಲ್ಲು ಒದ್ದೆಯಿರುತ್ತದೆ, ಚಪ್ಪಲಿ ಬೇಡ, ಬೂಟು ಹಾಕಿ. ಸ್ಟೋನ್‌ಹೆಂಜ್ ಒಂದನ್ನೇ ನೋಡಿ ಬರಬೇಡಿ, ಏವ್‌ಬರಿಗೂ ಹೋಗಿ ಕಲ್ಲು ಮುಟ್ಟಿ ನೋಡಿ. ಹಳ್ಳಿಗಳಲ್ಲಿ ಕಿಟಕಿಯೊಳಗೆ ಇಣುಕಬೇಡಿ.

ಹೊಸ ಮನೆಯ ಪಾಯ ಮುಗಿದಿದೆ. ದೀಪಾವಳಿಗೆ ಊರಿಗೆ ಹೋದಾಗ ನಾನೂ ತಮ್ಮನೂ ಪುರಾತತ್ವ ಇಲಾಖೆಯವರನ್ನು ಕಂಡು, ಕಲ್ಲಿನ ಫೋಟೋ ತೋರಿಸಿ, ನಮ್ಮ ಅಜ್ಜ ತಂದದ್ದು ಎಂದು ಇದ್ದದ್ದು ಇದ್ದ ಹಾಗೆ ಹೇಳುವವರಿದ್ದೇವೆ. ಅವರು ಏನೆನ್ನುತ್ತಾರೋ ನೋಡಬೇಕು. ಇಲ್ಲಿ ನಿಮ್ಮೆಲ್ಲರ ಮುಂದೆ ಬರೆದುಬಿಟ್ಟಿದ್ದೇನೆ. ಇನ್ನು ನಾಳೆ ನೋಡೋಣ ಎಂದು ತಪ್ಪಿಸಿಕೊಳ್ಳುವಂತಿಲ್ಲ.